ಚಾಕುವಿನ ಗಾರ್ಡ್: ಕೈ ಯಾವ ಕಡೆ ಜಾರುತ್ತದೆ?

ಅಲಗಿಗೂ ಹಿಡಿಕೆಗೂ ನಡುವೆ ಅಡ್ಡ ನಿಲ್ಲುವ ಪಟ್ಟಿಯೇ ಗಾರ್ಡ್. ಮಡಚುವ ಚಾಕು ಇಲ್ಲಿ ಬೇಡ, ಅಲಗು ಗಟ್ಟಿಯಾಗಿ ಕೂತವು ಮಾತ್ರ. ಗಾರ್ಡ್ ಯಾಕೆ ಎಂಬ ಪರೀಕ್ಷೆಯ ಪ್ರಶ್ನೆಗೆ, ಎದುರಾಳಿಯ ಏಟು ತಡೆಯಲು ಎಂದು ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಬರೆದಿದ್ದರು. ಖಡ್ಗಕ್ಕೆ ಆ ಮಾತು ಸರಿ. ಚಾಕುವಿನಲ್ಲಿ ಅದು ಮುಖ್ಯವಾಗಿ ನಮ್ಮ ಬೆರಳನ್ನು ನಮ್ಮದೇ ಅಲಗಿನಿಂದ ಕಾಯುತ್ತದೆ.

ನನಗೆ ಇದು ತಲೆಗೆ ಹೋದದ್ದು ಹುಬ್ಬಳ್ಳಿಯ ಅಡುಗೆಮನೆಯಲ್ಲಿ, ಪೆಂಟಿ ಬೆಲ್ಲದ ಮುಂದೆ ಕೂತಾಗ. ಚಾಕುವಿನ ತುದಿ ಊರಿ ಒತ್ತಿದೆ. ತುದಿ ಬೆಲ್ಲದಲ್ಲಿ ಸಿಕ್ಕು ಚಾಕು ನಿಂತಿತು, ಎಣ್ಣೆಗೈ ನಿಲ್ಲಲಿಲ್ಲ. ತೋರುಬೆರಳಿನ ಒಳಮಡಿಕೆ ಸೀಳಿತು. ಅವ್ವ ಅರಿಶಿಣ ಒತ್ತುತ್ತ, “ಬೆಲ್ಲಾ ಒಡ್ಯಾಕ ಗುಂಡಕಲ್ಲ ಇರ್ಲಿಲ್ಲೇನೋ?” ಅಂದಳು.

ಚುಚ್ಚುವಾಗ ಬಲ ಹಿಡಿಕೆಯ ಉದ್ದಕ್ಕೇ ಹೋಗುತ್ತದೆ. ತುದಿ ತಡೆದರೆ ಕೈ ಮುಂದೆ ಜಾರುತ್ತದೆ. ಗಾರ್ಡ್ ಬೇಕಾಗುವುದು ಆಗ. ಹೆಚ್ಚುವಾಗ ಬಲ ಕೆಳಮುಖ, ಗಾರ್ಡಿಗೆ ಕೆಲಸವೇ ಇಲ್ಲ. ಕುಡಗೋಲು ನೋಡಿ: ಎಳೆದು ಕೊಯ್ಯುವಾಗ ಕೈ ಜಾರಿದರೆ ಹಿಂದಕ್ಕೆ. ಅದಕ್ಕೇ ಹಿಡಿಯ ಕೊನೆ ತುಸು ದಪ್ಪ ಇದ್ದರೆ ಅನುಕೂಲ. ಇಳಿಗಿಯಲ್ಲಂತೂ ಅಲಗು ನಿಂತೇ ಇರುತ್ತದೆ, ಬದನೆಕಾಯಿಯೇ ಅದರ ಬಳಿಗೆ ಹೋಗಬೇಕು.

ಮೇಲೂ ಕೆಳಗೂ ಚಾಚಿದ ಗಾರ್ಡಿಗೆ 1942ರಲ್ಲಿ ಅಮೆರಿಕದ ಮರೀನ್ ಪಡೆ ಒಪ್ಪಿಕೊಂಡ ಕಾ-ಬಾರ್ ಮಾದರಿಯ ಚಾಕು ಉದಾಹರಣೆ. ಕತ್ತಲು, ಕೆಸರು, ಒದ್ದೆ ಕೈಗೆ ಅದು ಭದ್ರ. ಆದರೆ ಅಲಗಿನ ಬೆನ್ನ ಮೇಲೆ ಹೆಬ್ಬೆರಳು ಇಡಲು ಹೋದರೆ ಮೇಲಿನ ಚಾಚು ಅಡ್ಡ ಬರುತ್ತದೆ. ಹಲಗೆಯ ಮೇಲೆ ಉಳ್ಳಾಗಡ್ಡಿ ಹೆಚ್ಚಿದರೆ ಕೆಳಗಿನದು ಮೊದಲು ಹಲಗೆಗೆ ತಾಗಿ, ಅಲಗಿನ ಹಿಂಭಾಗ ಮೇಲೆಯೇ ಉಳಿಯುತ್ತದೆ. ಕೆಳಗಷ್ಟೇ ಚಾಚಿದ್ದರೆ ಹೆಬ್ಬೆರಳ ತಕರಾರು ಹೋಗುತ್ತದೆ, ಹಲಗೆಯ ತಕರಾರು ಹೋಗದು.

ಫಿನ್ಲೆಂಡಿನ ಸಾಂಪ್ರದಾಯಿಕ ಪುಕ್ಕೊ ಚಾಕುವಿಗೆ ಗಾರ್ಡೇ ಇಲ್ಲ. ಮರ ಕೆತ್ತುವವರಿಗೆ ಕೈ ಅಲಗಿನ ಹತ್ತಿರವೇ ಇರಬೇಕು. ನಡುವೆ ಗಾರ್ಡ್ ಬಂದು, ಕೈಯಿಂದ 2 ಸೆಂ.ಮೀ. ದೂರದಲ್ಲಿ ಕೊರೆಯುವುದನ್ನು 4 ಸೆಂ.ಮೀ.ಗೆ ಸರಿಸಿದರೆ, ಅಷ್ಟೇ ಬಲಕ್ಕೆ ಕೈ ಮೇಲೆ ಬೀಳುವ ತಿರುಚು ಎರಡರಷ್ಟು. ಇದನ್ನು ಚಿತ್ರ ಬರೆದೇ ಓದಿಕೊಳ್ಳಿ. ಅಡುಗೆಯವರ ಅಗಲ ಅಲಗಿನ ಚಾಕು ನನಗೆ ಇವೆಲ್ಲಕ್ಕಿಂತ ಜಾಣತನದ್ದು ಅನ್ನಿಸುತ್ತದೆ: ಅಲಗಿನ ಹಿಮ್ಮಡಿ ಹಿಡಿಕೆಗಿಂತ ಕೆಳಗಿಳಿದು ತಾನೇ ಬೆರಳನ್ನು ತಡೆಯುತ್ತದೆ, ಹಲಗೆಗೂ ಅಡ್ಡ ಬರುವುದಿಲ್ಲ.

ಬೇರೆಯಾಗಿ ಕೂರಿಸಿದ ಗಾರ್ಡಿನ ಸಂದಿಯಲ್ಲಿ ಹುಣಸೆರಸ, ನೀರು ಕೂತರೆ ಕಬ್ಬಿಣಕ್ಕೆ ತುಕ್ಕು ಒಳಗಿನಿಂದಲೇ ಹಿಡಿಯುತ್ತದೆ. ಪರೀಕ್ಷೆಯಲ್ಲಿ ಇದನ್ನು ಮರೆಯುವವರೇ ಹೆಚ್ಚು.

ನಾನು ಕಟ್ಟಿಗೆಯ ಮಾದರಿ ಮಾಡಿ, ಅದರ ಅಲಗಿಗೆ ಕೆಂಪು ಸೀಮೆಸುಣ್ಣ ಬಳಿದು, ಸೋಪು ಹಚ್ಚಿದ ಕೈಯಲ್ಲಿ ಗೋಡೆಗೆ ಒತ್ತಿ ನೋಡಿದೆ. ಗಾರ್ಡ್ ಇಲ್ಲದಾಗ ಎರಡು ಬೆರಳು ಕೆಂಪಾದವು. ಹಿಡಿಕೆಯ ಮುಂದೆ ಒಂದು ಐಸ್‌ಕ್ರೀಮ್ ಕಡ್ಡಿಯ ತುಂಡು ಅಂಟಿಸಿದ ಮೇಲೆ ಒಂದೂ ಆಗಲಿಲ್ಲ.