ಕೈಲಿ ಗನ್ ಇದ್ದ ಮಾತ್ರಕ್ಕೆ ಶೂಟರ್ ಆಗಲ್ಲ

ಮುಂಬೈಯ ಮಾಟುಂಗಾದಲ್ಲಿ ಕೂತು ಸಣ್ಣ ಟೀಮ್‌ಗಳು ಮಾಡಿದ ವಿಡಿಯೋ ಗೇಮ್ ಆಡಿ ನೋಡಿ, ಅದನ್ನ ಆನ್‌ಲೈನಲ್ಲಿ ಮಾರೋ ಸ್ಟೋರ್ ಪೇಜ್ ಸರಿಮಾಡ್ಕೊಡೋದು ನನ್ನ ಕೆಲ್ಸ. ಬಂದೋರೆಲ್ಲ ತರೋದು ಒಂದೇ ಜಗಳ, ಇದು ಯಾವ ಜಾನರ್, ಅಂದ್ರೆ ಯಾವ ಬಗೆಯ ಗೇಮ್? ಒಬ್ಬ ಅಡ್ವೆಂಚರ್ ಅಂತಾನೆ, ಇನ್ನೊಬ್ಬ ಸಿಮ್ಯುಲೇಶನ್ ಅಂತಾನೆ, ಇಬ್ರೂ ಕಥೆ ಹಿಡ್ಕೊಂಡೇ ವಾದ ಮಾಡ್ತಾರೆ. ಅಯ್ಯಾ, ಕಥೆ ಬದಿಗಿಡಿ, ಆಡೋರ ಕೈ ನೋಡಿ, ಅದು ಮತ್ತೆ ಮತ್ತೆ ಏನ್ ಮಾಡ್ತಿದೆ?

2007ರ ಪೋರ್ಟಲ್ ಗೇಮ್ ತಗೊಳ್ಳಿ. ಕೈಲಿ ಗನ್ನಿದೆ, ನೋಟ ಫಸ್ಟ್ ಪರ್ಸನ್, ಅಂದ್ರೆ ಪಾತ್ರದ ಕಣ್ಣಿಂದಲೇ ನೋಡೋದು, ನಮ್ಮ ಮೇಲೆ ಗುಂಡು ಹಾರಿಸೋ ಟರೆಟ್ ಅನ್ನೋ ಯಂತ್ರಾನೂ ಇದೆ. ಆದ್ರೆ ನಮ್ಮ ಗನ್ನು ಮಾಡೋದು ಗೋಡೇಲಿ ಬಾಗಿಲು, ಇಲ್ಲಿ ಹೊಕ್ಕು ಅಲ್ಲಿ ಹೊರಬೀಳೋದು ಹೇಗೆ ಅಂತ ನಿಂತು ಯೋಚಿಸ್ತೀವಿ, ಅಂದ್ಮೇಲೆ ಇದು ಗುಂಡು ಹಾರಿಸೋ ಶೂಟರ್ ಗೇಮಲ್ಲ, ಪಝಲ್ಲೇ. 2019ರ ಡೆತ್ ಸ್ಟ್ರ್ಯಾಂಡಿಂಗ್ ಗೇಮ್‌ಗೆ ಅದನ್ನ ಮಾಡಿದ ಹಿಡಿಯೋ ಕೊಜಿಮಾ ಹೊಸ ಜಾನರ್ ಹೆಸರೇ ಕೊಟ್ರು, ನಾನು ಅದನ್ನೂ ಹೀಗೇ ನೋಡ್ತೀನಿ, ಬೆನ್ನಮೇಲಿನ ಹೊರೆ ವಾಲದ ಹಾಗೆ ಕಂಟ್ರೋಲರ್‌ನ ಎರಡೂ ಟ್ರಿಗರ್ ಬಟನ್ ಅದುಮಿಕೊಂಡು ಕಲ್ಲುಗುಡ್ಡ ಹತ್ತೋದು. ಕೆಲವು ಗೇಮಲ್ಲಿ ಕೈ ಎರಡು ಕೆಲ್ಸ ಸಮಸಮ ಮಾಡ್ತದೆ, ಅಂಥದ್ದಕ್ಕೆ ಪೂರ್ತಿ ಆಡದೆ ನಾನು ಹೆಸರು ಹೇಳಲ್ಲ.

ಹೆಸರು ತಪ್ಪಿದ್ರೆ ಏನಾಗ್ತದೆ ಅಂತೀರಾ? ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ಬೇರೇನೋ ಅಂದ್ಕೊಂಡು ಕೊಂಡೋರು ಅಷ್ಟು ಹೊತ್ತೂ ಕಾಯಲ್ಲ.

ಹೋದ ಮಳೆಗಾಲ ಕುಂದಾಪುರ ಕಡೆ ಹುಡುಗ ಒಬ್ಬ ಬಂದಿದ್ದ, ಅಪ್ಪ ಇಲ್ಲೇ ಉಡುಪಿ ಹೋಟೆಲಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದೋರು. ಅವನ ಗೇಮಲ್ಲಿ ಆರು ಟೇಬಲ್ಲಿನ ಆರ್ಡರ್ ಬರ್ಕೊಳ್ಳದೆ ನೆನಪಿಟ್ಟು ಒಳಗೆ ಕೂಗಬೇಕು. ಮೇಲೆ ಹೆಸರು ರೆಸ್ಟೋರೆಂಟ್ ಸಿಮ್ಯುಲೇಟರ್! ಆಡೋಕೆ ಕೂತ ಹುಡುಗಿ ಹೋಟೆಲ್ ಯಾವಾಗ ಕಟ್ಟೋದು, ಬೆಲೆ ಎಲ್ಲಿ ಏರಿಸೋದು ಅಂತ ಹುಡುಕಿ ಹುಡುಕಿ ಇಪ್ಪತ್ತು ನಿಮಿಷಕ್ಕೆ ಫೋನ್ ಕೆಳಗಿಟ್ಳು. ಆದ್ರೆ ಅಷ್ಟರಲ್ಲೂ ಅವಳ ಬೆರಳು ಮೇಜಿನ ಮೇಲೆ ಎಣಿಸ್ತಿತ್ತು, ಬಾಯಲ್ಲಿ "ಎರಡು ಇಡ್ಲಿ, ಒಂದು ರವಾ ದೋಸೆ, ಕಾಫಿ ಸಕ್ಕರೆ ಬೇಡ" ಅಂತ ಗುನುಗು. ನೋಡು ಮಾರಾಯ, ಇದು ಮೆಮರಿ ಗೇಮು ಅಂದೆ. ಅವನಿಗೆ ಸಿಟ್ಟೇ ಬಂತು, ಅಪ್ಪನ ಬದುಕನ್ನ ಸಣ್ಣದು ಮಾಡ್ದೆ ಅನ್ನೋ ಹಾಗೆ. ಮಾರನೇ ವಾರ ಅಪ್ಪನ್ನೇ ಕರ್ಕೊಂಡು ಬಂದ. ಅವರು ಫೋನ್ ಹಿಡಿದು ಆರ್ಡರ್ ಕೇಳಿಸ್ಕೊಂಡ್ರು, ಕಣ್ಣು ಮುಚ್ಚಿದ್ರು, ಐದು ಟೇಬಲ್ ಸರಿಯಾಗಿ ಹೇಳಿ ಆರನೇದ್ರಲ್ಲಿ ಒಂದು ವಡೆ ಬಿಟ್ರು.

"ಇನ್ನೊಂದ್ ಸಲ ಹಾಕ್ ಕಾಂಬ" ಅಂದ್ರು ಮಗನಿಗೆ.