ಪರ್ಯಾಯ ಇತಿಹಾಸ ಅಂದರೇನು? ಟೆಕ್ಸಾಸ್ ಅಮೆರಿಕಕ್ಕೆ ಸೇರದೇ ಇದ್ದಿದ್ದರೆ...

ನಡೆದ ಚರಿತ್ರೆಯಲ್ಲಿ ಒಂದೇ ಒಂದು ಘಟನೆ ಬದಲಿಸಿ, ಅಲ್ಲಿಂದ ಮುಂದೆ ಏನೇನಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಾ ಹೋಗುವುದೇ ಪರ್ಯಾಯ ಇತಿಹಾಸ. ಸುಮ್ನೆ ಮನಸ್ಸಿಗೆ ಬಂದದ್ದು ಹೇಳುವುದಲ್ಲ. ಬದಲಿಸುವ ಘಟನೆ ಚಿಕ್ಕದಿರಬೇಕು, ನಿಜಕ್ಕೂ ಬೇರೆ ಥರ ಆಗುವಂತಿರಬೇಕು.

ಅಮೆರಿಕದ 1844ರ ಅಧ್ಯಕ್ಷ ಚುನಾವಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಗ ಟೆಕ್ಸಾಸ್ ಬೇರೆಯೇ ದೇಶ. ಅದನ್ನು ಸೇರಿಸಿಕೊಳ್ಳಲೇಬೇಕು ಎಂದವರು ಜೇಮ್ಸ್ ಪೋಕ್. ಮೆಕ್ಸಿಕೊ ಜೊತೆ ಯುದ್ಧವಾಗುತ್ತದೆ ಎಂದು ಹಿಂಜರಿದವರು ಹೆನ್ರಿ ಕ್ಲೇ. ನ್ಯೂಯಾರ್ಕ್‌ನಲ್ಲಿ ಪೋಕ್ ಗೆದ್ದದ್ದು 5,000 ಚಿಲ್ಲರೆ ಮತಗಳಿಂದ ಮಾತ್ರ. ಅಲ್ಲೇ ಗುಲಾಮಗಿರಿ ವಿರೋಧಿ ಅಭ್ಯರ್ಥಿ ಜೇಮ್ಸ್ ಬರ್ನಿಗೆ 15,000ಕ್ಕೂ ಜಾಸ್ತಿ ಮತ ಬಿದ್ದಿತ್ತು. ಟೆಕ್ಸಾಸ್ ಸೇರಿದರೆ ಗುಲಾಮಗಿರಿಯ ಇನ್ನೊಂದು ರಾಜ್ಯ ಹುಟ್ಟುತ್ತದೆ ಅನ್ನುವುದು ಬರ್ನಿಗೆ ಮತ ಹಾಕಿದ ಈ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಅವರಲ್ಲಿ ಮೂರರಲ್ಲೊಂದು ಪಾಲು ಕ್ಲೇ ಕಡೆ ವಾಲಿದ್ದರೆ ಸಾಕಿತ್ತು, ನ್ಯೂಯಾರ್ಕ್‌ನ 36 ಎಲೆಕ್ಟೋರಲ್ ಮತಗಳು (ಅಧ್ಯಕ್ಷರನ್ನು ಆರಿಸಲು ರಾಜ್ಯಕ್ಕೆ ಸಿಗುವ ಮತಗಳು, ಅಲ್ಲಿ ಗೆದ್ದವರಿಗೇ ಅಷ್ಟೂ) ಕೈ ಬದಲಾಗಿ, ಪೋಕ್ 170–105ರಲ್ಲಿ ಗೆದ್ದ ಚುನಾವಣೆ 141–134ರಲ್ಲಿ ಕ್ಲೇ ಪಾಲಾಗುತ್ತಿತ್ತು.

ನಿಜವಾಗಿ ನಡೆದದ್ದು ಗೊತ್ತೇ ಇದೆ. 1845ರಲ್ಲಿ ಟೆಕ್ಸಾಸ್ ಸೇರಿತು, 1846ರಲ್ಲಿ ಯುದ್ಧ ಶುರುವಾಯಿತು, 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ ಎಲ್ಲ ಬಂದವು.

ಕ್ಲೇ ಗೆದ್ದು ಇದ್ಯಾವುದೂ ಆಗದೇ ಇದ್ದಿದ್ದರೆ? ಈಗ ಆ ಮತದ ಲೆಕ್ಕ. 2024ರಲ್ಲಿ ಒಟ್ಟು 538 ಎಲೆಕ್ಟೋರಲ್ ಮತಗಳಲ್ಲಿ ಕ್ಯಾಲಿಫೋರ್ನಿಯಾದ್ದು 54, ಟೆಕ್ಸಾಸ್‌ದು 40. ಆ ಎರಡು ರಾಜ್ಯ ಇಲ್ಲದಿದ್ದರೆ 94 ಕಳೆದುಬಿಟ್ಟರಾಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಅದು ತಪ್ಪು. ರಾಜ್ಯದ ಎಲೆಕ್ಟೋರಲ್ ಮತ ಅಂದರೆ ಸಂಸತ್ತಿನ ಕೆಳಮನೆಯಲ್ಲಿ ಅದಕ್ಕಿರುವ ಸೀಟುಗಳು, ಜೊತೆಗೆ ಮೇಲ್ಮನೆಯ ಇಬ್ಬರು ಸೆನೆಟರ್‌ಗಳ ಲೆಕ್ಕದ ಎರಡು. ಕೆಳಮನೆಯ 435 ಸೀಟಿನ ಮಿತಿ ಹಾಗೇ ಇದ್ದರೆ ಇವರ 90 ಸೀಟುಗಳು ಮಾಯವಾಗುವುದಿಲ್ಲ, ಉಳಿದ ರಾಜ್ಯಗಳಿಗೆ ಹಂಚಿಹೋಗುತ್ತವೆ. ಪೂರ್ತಿ ಅಳಿಸಿಹೋಗುವುದು ನಾಲ್ಕು ಸೆನೆಟರ್‌ಗಳ ಲೆಕ್ಕದ ನಾಲ್ಕೇ ಮತ. ಅಲ್ಲಿಗೆ ವಲಸೆ ಹೋದ ಕೋಟಿಗಟ್ಟಲೆ ಜನ ಬೇರೆಲ್ಲಿ ನೆಲೆಸುತ್ತಿದ್ದರು, ಅಲ್ಲಿ ಯಾರಿಗೆ ಮತ ಹಾಕುತ್ತಿದ್ದರು ಅನ್ನುವುದೇ ಅಸಲಿ ಪ್ರಶ್ನೆ.

ಎಷ್ಟು ನೆಲ ಸೇರಿತು ಅನ್ನುವಷ್ಟೇ ಅದನ್ನು ಎಷ್ಟು ರಾಜ್ಯ ಮಾಡಿದರು ಅನ್ನುವುದೂ ಮುಖ್ಯ. ಟೆಕ್ಸಾಸ್ ಒಪ್ಪಿದರೆ ಅದರಿಂದ ಇನ್ನೂ ನಾಲ್ಕು ರಾಜ್ಯ ಮಾಡಬಹುದು ಎಂದು 1845ರ ನಿರ್ಣಯದಲ್ಲೇ ಇತ್ತು. ಹಾಗೆ ಮಾಡಿದ್ದರೆ ಇಬ್ಬರು ಸೆನೆಟರ್‌ಗಳ ಜಾಗದಲ್ಲಿ ಹತ್ತು ಜನ ಇರುತ್ತಿದ್ದರು!

ಇದಕ್ಕೆ ತದ್ವಿರುದ್ಧ ಪೋರ್ಟೊರಿಕೊ. 1898ರಲ್ಲೇ ಅಮೆರಿಕದ ಕೈಗೆ ಬಂದ ಈ ದ್ವೀಪದ ಜನಕ್ಕೆ 1917ರಲ್ಲಿ ಪೌರತ್ವ ಸಿಕ್ಕಿತು. ಆದರೆ ಇವತ್ತಿಗೂ ಅಲ್ಲಿದ್ದುಕೊಂಡು ಅಧ್ಯಕ್ಷರ ಆಯ್ಕೆಗೆ ಮತ ಹಾಕುವಂತಿಲ್ಲ. ಅದೇ ಮನುಷ್ಯ ಫ್ಲಾರಿಡಾಕ್ಕೆ ಹೋಗಿ ನೆಲೆಸಿದರೆ ಹಾಕಬಹುದು. ಇದು ನನಗಂತೂ ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ. 1959ರಲ್ಲಿ ಅಲಾಸ್ಕಾ, ಹವಾಯಿ ಜೊತೆ ಇದನ್ನೂ ರಾಜ್ಯ ಮಾಡಿದ್ದರೆ ಅನ್ನುವಲ್ಲಿಂದ ಇನ್ನೊಂದು ಪರ್ಯಾಯ ಇತಿಹಾಸ ಶುರು ಮಾಡಬಹುದು, ಅಲ್ವಾ?