ಪೀಕ್ ಅಂದರೆ ಯಾವ ಪೀಕ್?

"ಡೆಂಗಿ ಪೀಕ್ ಮುಗೀತಂತ್ರೀ, ಇನ್ನೇನ್ ಚಿಂತಿಲ್ಲ." ಹುಬ್ಬಳ್ಳಿಯಲ್ಲಿ ಮಳೆಗಾಲ ಬಂತೆಂದರೆ ಈ ಮಾತು ತಪ್ಪಿದ್ದಲ್ಲ. ಎರಡು ದಿನ ಕೇಸ್ ಕಡಿಮೆ ಕಂಡರೆ ಸಾಕು, ಪೀಕ್ ಮುಗಿಸಿಬಿಡುತ್ತಾರೆ. ಆ ಎರಡು ದಿನ ಶನಿವಾರ, ಭಾನುವಾರ ಇರಬಹುದು, ಟೆಸ್ಟೇ ಕಡಿಮೆ ಆಗಿರಬಹುದು. ಅದನ್ನು ಯಾರು ನೋಡುತ್ತಾರೆ?

ಸೋಂಕಿತರ ಸಂಖ್ಯೆ ಏರುವುದು ನಿಂತ ಹೊತ್ತಿಗೆ ಪೀಕ್ ಅನ್ನುತ್ತಾರೆ. ಆಗಲೂ ಒಬ್ಬ ರೋಗಿಯಿಂದ ಸರಾಸರಿ ಇನ್ನೊಬ್ಬರಿಗೆ ಸೋಂಕು ದಾಟುತ್ತಲೇ ಇರುತ್ತದೆ.

ಇದರ ಲೆಕ್ಕ ಹಳೆಯದು. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಅನ್ನುವ ಇಬ್ಬರು ಸಂಶೋಧಕರು, ರೋಗ ಹೇಗೆ ಏರಿ ಇಳಿಯುತ್ತದೆ ಅಂತ ಲೆಕ್ಕ ಹಾಕಲು, ಜನರನ್ನು ಮೂರು ಪಾಲು ಮಾಡಿದರು: ಸೋಂಕು ತಗಲಬಹುದಾದವರು, ತಗಲಿದವರು, ಚೇತರಿಸಿಕೊಂಡವರು ಅಥವಾ ತೀರಿಕೊಂಡವರು. ಆ ಲೆಕ್ಕದಿಂದ ಬಂದ ಏರಿಳಿತದ ಗೆರೆಯನ್ನು (ಗ್ರಾಫ್) ಅವರು ಹೊಂದಿಸಿ ನೋಡಿದ್ದು 1905-06ರ ಮುಂಬೈ ಪ್ಲೇಗಿನ ಸಾವಿನ ಅಂಕಿಗಳ ಜೊತೆ. ಆಗ ನಮ್ಮ ಧಾರವಾಡವೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಮೆಕೆಂಡ್ರಿಕ್ ಭಾರತದಲ್ಲಿ ಕೆಲಸ ಮಾಡಿದ್ದ ಡಾಕ್ಟರೇ.

ಅವರ ಲೆಕ್ಕವನ್ನೇ ಹಾಕಿ ನೋಡಿ. ಶುರುವಿನಲ್ಲಿ ಒಬ್ಬನಿಂದ ಇಬ್ಬರಿಗೆ ದಾಟುವ ರೋಗ, ಯಾವ ತಡೆಯೂ ಇಲ್ಲ, ಎಲ್ಲರೂ ಎಲ್ಲರ ಜೊತೆ ಬೆರೆಯುತ್ತಾರೆ ಅಂದುಕೊಳ್ಳಿ. ಪೀಕ್ ಬರುವಾಗ 100ರಲ್ಲಿ 50 ಜನರಿಗೆ ಸೋಂಕು ತಗಲಿರುತ್ತದೆ. ಎಲ್ಲ ಮುಗಿದಾಗ ಆ ಸಂಖ್ಯೆ ಸುಮಾರು 80. ಅಂದರೆ 30 ಜನರಿಗೆ ರೋಗ ಬಂದದ್ದು ಪೀಕ್ ದಾಟಿದ ಮೇಲೆ! "ಮುಗೀತು" ಅಂತ ಹೇಳುವವರು ಈ 30 ಮಂದಿಗೆ ಏನು ಹೇಳುತ್ತಾರೋ. ಡೆಂಗಿಯಲ್ಲಿ ನಡುವೆ ಸೊಳ್ಳೆ ಬರುವುದರಿಂದ ಲೆಕ್ಕ ಇಷ್ಟು ಸರಳವಿಲ್ಲ, ಆದರೆ ಗೆರೆ ಇಳಿಯುವಾಗಲೂ ರೋಗ ಹರಡುತ್ತದೆ ಅನ್ನುವುದು ಅಲ್ಲಿಯೂ ಅಷ್ಟೇ ನಿಜ.

ಇನ್ನು ಪೀಕ್ ಒಂದೇ ಇರುವುದಿಲ್ಲ. ಸಾಮಾನ್ಯವಾಗಿ ಹೊಸ ಕೇಸುಗಳದ್ದು ಮೊದಲು, ಆಮೇಲೆ ಆಸ್ಪತ್ರೆ ಹಾಸಿಗೆಗಳದ್ದು, ಕೊನೆಗೆ ಸಾವಿನದ್ದು. ಕೇಸ್ ಇಳಿದವು ಅಂತ ಹೆಚ್ಚುವರಿ ವಾರ್ಡ್ ಮುಚ್ಚಿದರೆ ಮರುವಾರವೇ ಹಾಸಿಗೆಗೆ ಓಡಾಡಬೇಕಾದೀತು. ಡೆಂಗಿಯಲ್ಲಿ ಸೊಳ್ಳೆ ಕಚ್ಚಿ ಜ್ವರ ಬರಲು 4ರಿಂದ 10 ದಿನ. ಅದರ ಮೇಲೆ ಟೆಸ್ಟು, ರಿಪೋರ್ಟು. ಪೇಪರಿನಲ್ಲಿ ಇವತ್ತು ಕಾಣುವುದು ಹಳೆಯ ಕಡಿತದ ಲೆಕ್ಕ.

ಜಿಲ್ಲೆಯ ಮೊತ್ತವನ್ನೇ ನಂಬಿದರೂ ಕಷ್ಟ. ಹುಬ್ಬಳ್ಳಿಯಲ್ಲಿ ಕೇಸ್ ಇಳಿಯುವಾಗ ನವಲಗುಂದದಲ್ಲಿ ಏರುತ್ತಿರಬಹುದು. ಎರಡನ್ನೂ ಕೂಡಿಸಿದರೆ ದೊಡ್ಡ ಊರಿನ ಇಳಿಕೆಯಲ್ಲಿ ಸಣ್ಣ ಊರಿನ ಏರಿಕೆ ಕಾಣುವುದೇ ಇಲ್ಲ. ಫಾಗಿಂಗ್ ಗಾಡಿ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಾಗಲು ತಾಲೂಕು, ವಾರ್ಡಿನ ಅಂಕಿ ಬೇಕು.